ಬೆಲ್ಲದೋರು

ಸಂಸದರ ಕಚೇರಿಯ ಬೆಂಚಿಗೆ ಮೂರೇ ಕಾಲು,
ನಾಲ್ಕನೆಯದರ ಜಾಗದಲ್ಲಿ ಎರಡು ಇಟ್ಟಿಗೆ.
ಅದರ ಮೇಲೆ ನಾವು ನಾಲ್ವರು:
ನಿವೃತ್ತ ನರ್ಸು, ಸಿಸ್ಟರ್ ಫಿಲೋಮಿನಾ,
ಮಂಡ್ಯದ ನೂರಡಿ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ನಿಸಾರ್,
ಹದಿನೆಂಟು ತಿಂಗಳು ಮಾತ್ರೆ ನುಂಗಿ ಬದುಕಿದ ಚಿಕ್ಕತಾಯಮ್ಮ,
ಮತ್ತೆ ಕಾಗದ ಬರೆದವನು, ನಾನು.

ಟ್ರಾನ್ಸ್‌ಫರಾ? ಅಂದರು ಆಪ್ತ ಸಹಾಯಕ ಶಿವನಂಜು,
ತಲೆ ಎತ್ತದೆ.
ಅಲ್ಲ.
ನಾಲೆ ನೀರಾ? ಅಲ್ಲ. ಸಮುದಾಯ ಭವನ? ಅಲ್ಲ.
"ಮತ್ತಿನ್ನೇನ್ರೀ?"
ಕ್ಷಯ, ಅಂದೆ.
ಪಕ್ಕದಲ್ಲಿದ್ದ ಬೋರ್‌ವೆಲ್ ಅರ್ಜಿಯವರು
ಒಂದು ಗೇಣು ಸರಿದು ಕೂತರು.
ಚಿಕ್ಕತಾಯಮ್ಮ ಅದನ್ನು ನೋಡಿದಳು. ನೋಡಿ ಅಭ್ಯಾಸ.

ನನ್ನ ಕಾಗದ ಮೂರು ಪುಟ.
ಬಡ ದೇಶಗಳೆಲ್ಲ ಮದ್ದಿಗಾಗಿ ನಂಬಿಕೊಂಡ ನಿಧಿಗೆ
ನಮ್ಮ ದೇಶದ ಪಾಲು ಹೆಚ್ಚಿಸಬೇಕು;
ಹೊರದೇಶದ ಜೊತೆ ಕುದುರುತ್ತಿರುವ ವ್ಯಾಪಾರದ ಒಪ್ಪಂದದಲ್ಲಿ
ಔಷಧಿ ಕಂಪನಿಗೆ ಇನ್ನಷ್ಟು ವರ್ಷ ಬೀಗದ ಕೈ ಕೊಡುವ ಆ ಒಂದು ಕಲಮು
ಬೇಡವೆಂದು ಸದನದಲ್ಲಿ ಎದ್ದು ಕೇಳಬೇಕು.
ಅಡಿಟಿಪ್ಪಣಿ ಹನ್ನೊಂದು.

ಶಿವನಂಜು ತೂಕ ನೋಡುವವರಂತೆ ಕಾಗದ ಎತ್ತಿ ಹಿಡಿದರು.
"ಸಾಹೇಬ್ರು ಕಾರಲ್ಲಿ ಓದೋದು.
ಬಿಡದಿ ದಾಟೋದ್ರೊಳಗೆ ಮುಗೀಬೇಕು.
ನಾಲ್ಕು ಸಾಲು ಮಾಡ್ಕೊಂಡ್ ಬನ್ನಿ."
ಆಮೇಲೆ, ಕೆಟ್ಟ ಮನಸ್ಸಿನಿಂದಲ್ಲ, ಕೇಳಿದರು:
"ಆ ಬಡ ದೇಶದಲ್ಲಿ ನಮ್ಮ ವೋಟರ್ಸ್ ಯಾರಿದ್ದಾರೆ ಹೇಳಿ?"

ನನ್ನಲ್ಲಿ ಉತ್ತರವಿತ್ತು, ಉದ್ದದ್ದು.
ಅಷ್ಟರಲ್ಲಿ ಚಿಕ್ಕತಾಯಮ್ಮ ಎದ್ದಳು,
ಬೆಂಚು ನನ್ನ ಕಡೆ ವಾಲಿತು.

"ಸ್ವಾಮಿ, ನಮ್ಮೂರಲ್ಲಿ ಆಲೆಮನೆ ಐದವೆ.
ನಾಳೆ ಒಬ್ಬ ಬಂದು, ಬೆಲ್ಲದ ಅಚ್ಚು ನಂದು,
ಇಪ್ಪತ್ತು ವರ್ಸ ನನ್ನ ಬುಟ್ಟು ಇನ್ಯಾರೂ ಬೆಲ್ಲ ಹುಯ್ಯಂಗಿಲ್ಲ ಅಂದ.
ಸರಿ, ಅಚ್ಚು ಕೆತ್ತಿದೋನು, ತಿನ್ಲಿ ಬುಡಿ.
ಇಪ್ಪತ್ತೂ ಮುಗುದ್ಮೇಲೆ ಬಂದು
ಅಂಚಿಗೊಂದು ಗೀರು ಹಾಕಿವ್ನಿ, ಇದು ಹೊಸಾ ಅಚ್ಚು,
ಇನ್ನೂ ಇಪ್ಪತ್ತು ವರ್ಸ ಅಂದ್ರೆ, ನೀವು ಒಪ್ಪೀರಾ?
ಅದಾದ್ರೂ ಬೆಲ್ಲ. ಇಲ್ದಿದ್ರೆ ಸಪ್ಪೆ ಕಾಪಿ ಕುಡೀಬೌದು.
ಮಾತ್ರೆ ಇಲ್ದಿದ್ರೆ ಏನ್ ಕುಡಿಯೋದು?"

"ಅಚ್ಚಿನೋನ್ಗೆ ಅಚ್ಚಲ್ಲೇ ಹೊಡೀಬೇಕು,"
ಅಂದ ಬೋರ್‌ವೆಲ್ ಅರ್ಜಿಯವರಲ್ಲೊಬ್ಬ.
ಸರಿದಿದ್ದ ಗೇಣು ಮರಳಿ ಬಂತೋ ಇಲ್ಲವೋ ಗಮನಿಸಲಿಲ್ಲ,
ಲೆಕ್ಕ ಹಾಕುತ್ತಿದ್ದೆ:
ಅವಳ ಮಾತೇ ಒಂಬತ್ತು ಸಾಲು.

ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತು ಕಾಗದ ಇಳಿಸಿದೆವು.
ಅಡಿಟಿಪ್ಪಣಿ ಹನ್ನೊಂದೂ ಹೋದವು, ಸುಲಭ.
ನಿಸಾರ್ ದರಪಟ್ಟಿ ಹರಿದು ಜೇಬಿಗಿಟ್ಟ.
ಸಿಸ್ಟರ್ ತಮ್ಮ ವಾರ್ಡಿನ ಏಳು ಹೆಸರು ಬರೆಸಿದ್ದರು.
ಏಳು ಆರಾಗಲಿಲ್ಲ.
"ಯಾರನ್ನ ತೆಗೀಲಿ?" ಎಂದು ಪೆನ್ನು ಕೆಳಗಿಟ್ಟರು.
ಕೊನೆಗೆ ಏಳೂ ಹೋಗಿ
'ರೋಗಿಗಳು' ಎಂಬ ಒಂದು ಪದ ಉಳಿಯಿತು.
"ಆ ದೂರದೋಳು ಇರ್ಲಿ," ಅಂದಳು ಚಿಕ್ಕತಾಯಮ್ಮ,
"ಯಾವ ದೇಸವೋ, ನನ್ನಂಗೆ ನಡುರಾತ್ರಿ ಎದ್ದು ಕೂತು ಕೆಮ್ಮೋಳು.
ಅವಳಿಗೆ ಇಲ್ಲಿ ವೋಟಿಲ್ಲ. ನಂದು ಐತಲ್ಲ."

ಅದು ಮೂರನೆಯ ಸಾಲಾಯಿತು,
ಬೆಲ್ಲ ನಾಲ್ಕನೆಯದು.
ಶಿವನಂಜು ಅದರ ಮೇಲೆ ಗೀಟು ಎಳೆದರು:
"ಡೆಲ್ಲಿಗೆ ಹೋಗೋ ಕಾಗದದಲ್ಲಿ ಬೆಲ್ಲ ಬ್ಯಾಡ."
ಸೀಲು ಒತ್ತಿದರು. ಶಾಯಿ ಒಣಗಿತ್ತು.
ಬಾಯಿಂದ ಹಾ ಎಂದು ಊದಿ, ಇನ್ನೊಮ್ಮೆ.

ಮೂರು ತಿಂಗಳಾದ ಮೇಲೆ ಉತ್ತರ: 'ಪರಿಶೀಲನೆಯಲ್ಲಿದೆ.'
ಒಂದೇ ಪದ.
ನಮಗಿಂತ ಚೆನ್ನಾಗಿ ಇಳಿಸಿದ್ದರು.

ಇವತ್ತು ಮತ್ತೆ ಹೋದೆವು. ಇಟ್ಟಿಗೆ ಎರಡೂ ಹಾಗೇ ಇವೆ,
ಬೋರ್‌ವೆಲ್‌ನವರು ಬೇರೆ ಯಾರೋ.
ಶಿವನಂಜು ಫೋನು ಕಿವಿಗಿಟ್ಟುಕೊಂಡೇ ಕೂರಿ ಎಂದು ಕೈ ಮಾಡಿದರು,
ಒಳಬಾಗಿಲತ್ತ ತಿರುಗಿ ಹೇಳಿದರು:
"ಸಾರ್, ಬೆಲ್ಲದೋರು ಬಂದವ್ರೆ."